ಎಲೆಯ ಗಂಟೂ ಕರ್ತೃವಿನ ಪ್ರಶ್ನೆಯೂ

ಸನತ್‌ನಗರದ ಕಾರ್ಖಾನೆಗಳ ನಡುವೆ ಹೊಗೆ ಧೂಳುಗಳನ್ನು ಸಹಿಸಿ ನಿಂತಿರುವ ಹಾಲೆಮರಗಳ ಎಲೆಗಳಲ್ಲಿ ಅನೇಕವು ಮೆಣಸಿನ ಕಾಳಿನಂಥ ಹಸುರು ಗಂಟುಗಳಿಂದ ಒತ್ತೊತ್ತಾಗಿ ತುಂಬಿರುತ್ತವೆ. ಇದು ಎಲೆಗೆ ತಗಲಿದ ರೋಗವೆಂದು ತೋಟಗಾರನು ಹೇಳುವುದು ಸಹಜವೇ. ಆದರೆ ಕೊಯ್ದು ನೋಡಿದವನಿಗೆ ಅದೊಂದು ಗೃಹ. ಹೊರಗೆ ಬಿಗಿಯಾದ ಗೋಡೆ, ನಡುವೆ ಕೋಣೆ, ಅದರೊಳಗೆ ಗೋಡೆಯ ರಸವನ್ನೇ ಹೀರಿ ಬೆಳೆಯುವ ಪಾರೋಪ್ಸಿಲ್ಲ ಟ್ಯೂಬರ್ಕುಲಾಟ ಎಂಬ ಕೀಟದ ಶಿಶು. ಈ ಗೃಹದ ಕರ್ತೃ ಯಾರು?

ಕಾರ್ಯವಿದ್ದಲ್ಲಿ ಕರ್ತೃವಿರಲೇಬೇಕು, ಕುಂಭಕ್ಕೆ ಕುಂಭಕಾರನಿರುವಂತೆ ಜಗತ್ತಿಗೂ ಒಬ್ಬ ಕರ್ತೃವುಂಟು ಎಂದು ನ್ಯಾಯಕುಸುಮಾಂಜಲಿಯಲ್ಲಿ ಈಶ್ವರನನ್ನು ಸಾಧಿಸಹೊರಟ ಉದಯನನ ಪಕ್ಷಕ್ಕೆ ಎದುರಾಳಿಗಳು ಒಡ್ಡಿದ ತೊಡಕು ಮೊಳಕೆಯದು: ಅಂಕುರವೂ ಕಾರ್ಯವೇ, ಅದನ್ನು ಮಾಡಿದವನನ್ನು ಕಂಡವರಾರು? ನಮ್ಮ ಗಂಟು ಈ ಘಟಕ್ಕೂ ಅಂಕುರಕ್ಕೂ ನಡುವೆ ನಿಂತಿದೆ. ಮರವು ಉಪಾದಾನ, ಕೀಟವು ನಿಮಿತ್ತ ಎಂದು ಹೇಳಿಬಿಡಬಹುದು. ಆದರೆ ಉಪಾದಾನದ ಜ್ಞಾನ, ಮಾಡಬೇಕೆಂಬ ಇಚ್ಛೆ, ಪ್ರಯತ್ನ ಈ ಮೂರೂ ಉಳ್ಳವನೇ ಕರ್ತೃವೆಂಬ ನೈಯಾಯಿಕರ ಲಕ್ಷಣವು ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಶಿಶುವಿಗೆ ಹೇಗೆ ಒಪ್ಪೀತು?

ಪಾಶ್ಚಾತ್ಯರನ್ನೂ ಈ ಪ್ರಶ್ನೆ ಕಾಡದೆ ಬಿಡಲಿಲ್ಲ. ಕೊಳೆತ ಮಾಂಸದಿಂದ ಹುಳುಗಳು ತಾವಾಗಿ ಹುಟ್ಟವೆಂದು 1668ರಲ್ಲಿ ಪ್ರಯೋಗದಿಂದ ತೋರಿದ ಇಟಲಿಯ ರೆಡಿಯೇ, ಗಂಟಿನೊಳಗಿನ ಹುಳುವನ್ನು ಮಾತ್ರ ಜೀವಂತ ಸಸ್ಯದ ಆತ್ಮವೇ ಹುಟ್ಟಿಸುತ್ತದೆಂದು ನಂಬಿದನು. 1679ರಲ್ಲಿ ಮಾಲ್ಪೀಘಿಯು ಅದರ ಮೂಲ ಕೀಟದ ಮೊಟ್ಟೆಯೆಂದು ತಿಳಿಸಿದನು. ಶೀತದೇಶಗಳ ವಿಲ್ಲೋ ಮರಗಳ ಮೇಲೆ ಗಂಟು ಕಟ್ಟಿಸುವ ಗರಗಸನೊಣಗಳ ವೃತ್ತಾಂತವಂತೂ ಇನ್ನೂ ವಿಸ್ಮಯಕರ. ಅಲ್ಲಿ ತಾಯಿಯು ಎಲೆಯನ್ನು ಸೀಳಿ ಮೊಟ್ಟೆಯಿಡುವಾಗ ಸುರಿಸುವ ದ್ರವದಿಂದಲೇ, ಮರಿಯು ಹೊರಬರುವುದಕ್ಕೆ ಮುನ್ನವೇ, ಗಂಟು ಏಳತೊಡಗುತ್ತದೆ. ಮನೆ ಪೂರ್ಣವಾಗುವ ವೇಳೆಗೆ ಅದನ್ನು ತೊಡಗಿಸಿದವಳು ಅಲ್ಲಿರುವುದೇ ಇಲ್ಲ. ನಮ್ಮ ಹಾಲೆಯಲ್ಲಾದರೋ ಶಿಶುವಿನ ಹೀರುವಿಕೆಯೇ ಗೋಡೆಯನ್ನು ಎಬ್ಬಿಸುತ್ತದೆ.

ವಿಲ್ಲೋ ಗಂಟುಗಳನ್ನು ಬಲ್ಲ ಪಂಡಿತರು ಮರದ ಜಾತಿಯನ್ನೂ ಗಂಟಿನ ಆಕಾರವನ್ನೂ ನೋಡಿಯೇ ಕೀಟದ ಹೆಸರನ್ನು ಹೇಳಬಲ್ಲರು. ಕಾರ್ಯದಿಂದ ಕಾರಣವನ್ನು ಊಹಿಸುವ ವಿದ್ಯೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ದುರ್ಲಭ. ಸಂಶಯ ಬಂದಾಗ ಸೀಳಿ ನೋಡುತ್ತಾರೆ: ಒಳಗಿನ ಹುಳುವಿಗೆ ಎದೆಯಲ್ಲಿಯೂ ಉದರದಲ್ಲಿಯೂ ಕಾಲುಗಳಿದ್ದರೆ ಗರಗಸನೊಣದ್ದು, ಕಾಲೇ ಇಲ್ಲದಿದ್ದರೆ ಬೇರೊಂದು ನೊಣದ್ದೋ ಕಣಜದ್ದೋ ಆಗಬಹುದು. ಆದರೆ ಗಂಟಿನಿಂದ ಹೊರಬಂದುದೆಲ್ಲ ಗಂಟು ಕಟ್ಟಿಸಿದ್ದಲ್ಲ. ಒಡೆಯನನ್ನು ಒಳಗೇ ತಿಂದು ಬೆಳೆದ ಪರೋಪಜೀವಿ ಕಣಜವೂ ಅದೇ ಗೋಡೆಯನ್ನು ಕೊರೆದು ಬರುತ್ತದೆ. ಆಗ ನಿವಾಸಿಯನ್ನು ನಿರ್ಮಾತೃವೆಂದು ಊಹಿಸಿದವನು ತಪ್ಪುತ್ತಾನೆ.

ಕೀಟವು ಅಜ್ಞವಾದುದರಿಂದಲೇ ಅದರ ಹಿಂದೆ ಸರ್ವಜ್ಞನೊಬ್ಬನು ಬೇಕೆಂದು ನೈಯಾಯಿಕನು ಉತ್ತರಿಸುವನು. ಆ ಉತ್ತರದ ಗಾಂಭೀರ್ಯವನ್ನು ನಾನು ಗೌರವಿಸುತ್ತೇನೆ, ಒಪ್ಪಲಾರೆ. ಸಾಧಿಸಬೇಕಾದುದನ್ನೇ ಅದು ಸಿದ್ಧವೆಂದು ಹಿಡಿಯುತ್ತದೆ. ಮರದ ಕೋಶಗಳು, ತಾಯಿಯ ದ್ರವ, ಶಿಶುವಿನ ಹಸಿವು, ಅಸಂಖ್ಯ ತಲೆಮಾರುಗಳಲ್ಲಿ ಅಳಿಯದೆ ಉಳಿದುಬಂದ ಹೊಂದಿಕೆ, ಇವೆಲ್ಲ ಕೂಡಿ ಒಂದು ಕೋಣೆಯಾಗಿರುವಲ್ಲಿ ಕರ್ತೃತ್ವವು ಹಂಚಿಹೋಗಿದೆ, ಅವುಗಳಲ್ಲಿ ಯಾವುದರ ಬಳಿಯೂ ಮನೆಯ ನಕ್ಷೆಯಿಲ್ಲ.

ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರು ಶ್ರೀಭಾಷ್ಯದಲ್ಲಿ, ಕಾರ್ಯದಿಂದ ಕರ್ತೃವನ್ನು ಊಹಿಸುವ ನೈಯಾಯಿಕರ ಈ ಅನುಮಾನವನ್ನು ಸಾಂಗವಾಗಿ ಮಂಡಿಸಿ, ಬಳಿಕ ಖಂಡಿಸಿದರು: ಜಗತ್ತಿನ ಕಾರ್ಯಗಳೆಲ್ಲ ಒಂದೇ ಕಾಲದಲ್ಲಿ ಒಬ್ಬನಿಂದಲೇ ಆದವೆಂಬುದಕ್ಕೆ ಪ್ರಮಾಣವೆಲ್ಲಿ? ಬ್ರಹ್ಮನು ಶಾಸ್ತ್ರದಿಂದಲೇ ವೇದ್ಯನು, ಊಹೆಯಿಂದಲ್ಲ ಎಂದು ಅವರು ನಿರ್ಣಯಿಸಿದುದು ನಾಸ್ತಿಕ್ಯದಿಂದಲ್ಲ, ಪರಮಭಕ್ತಿಯಿಂದ. ಎಲೆಯ ಗಂಟನ್ನು ಈಶ್ವರನ ಪರವಾಗಿಯೋ ವಿರುದ್ಧವಾಗಿಯೋ ಸಾಕ್ಷಿಯಾಗಿ ಕರೆಯುವವರಿಬ್ಬರಿಗಿಂತಲೂ ಆಚಾರ್ಯರ ಮಾರ್ಗವೇ ನನಗೆ ಭದ್ರವಾಗಿ ತೋರುತ್ತದೆ. ಆ ಮಾರ್ಗದಲ್ಲಿ ನಡೆವ ಭಕ್ತನು ಸೂಕ್ಷ್ಮದರ್ಶಕವು ನಾಳೆ ಏನನ್ನು ತೋರಿಸೀತೋ ಎಂದು ಅಂಜಬೇಕಾಗಿಲ್ಲ.