ತಾನು ಮಾಡದ ಲೆಕ್ಕ

ಒಬ್ಬನು ತಾನು ಮಾಡದ ಲೆಕ್ಕಕ್ಕೆ ತಾನು ರುಜು ಹಾಕಬಹುದೆ? ಇದು ಕಚೇರಿಯ ಕಾಗದಪತ್ರಗಳಿಗೆ ಸೇರಿದ ಪ್ರಶ್ನೆಯೆಂದು ಮೊದಲಿಗೆ ತೋರಬಹುದು. ನನಗೂ ಹಾಗೆಯೇ ತೋರುತ್ತಿತ್ತು. ಕಳೆದ ಯುಗಾದಿಯ ಮಾರನೆಯ ದಿನ, ಹಿಂದೆ ನನ್ನಲ್ಲಿ ಗಣಿತ ಕಲಿತ ತರುಣನೊಬ್ಬ ಮನೆಗೆ ಬಂದು, ಕೊಟ್ಟ ಬೇವುಬೆಲ್ಲವನ್ನು ತಿಂದು, ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಆಮೇಲೆ ಹೇಳಿದ ಸಂಗತಿಯನ್ನು ಕೇಳಿದ ಮೇಲೆ ಇದು ನೀತಿಯ ಪ್ರಶ್ನೆಯೇ ಸರಿ, ಅದೂ ಉಪಾಧ್ಯಾಯರಾದ ನಮ್ಮನ್ನು ಮೊದಲು ಹಿಡಿದು ನಿಲ್ಲಿಸಬೇಕಾದ ಪ್ರಶ್ನೆ ಎನ್ನಿಸಿದೆ.

ಆತ ಸಿರುಮುಗೈ ಕಡೆಯ ದೇವಾಂಗ ನೇಕಾರರ ಮನೆಯವನು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಮಗ್ಗದ ಮುಂದೆ ಎರಡೂ. ಈಗ ಕೊಯಮತ್ತೂರಿನ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರನಾಗಿದ್ದಾನೆ. ಪಂಪಿನ ಹೊರಕವಚವನ್ನು ಎರಕ ಹೊಯ್ಯುವುದಕ್ಕೆ ಮೊದಲು, ಅದು ನೀರಿನ ಒತ್ತಡವನ್ನು ತಡೆದೀತೆ ಎಂದು ಗಣಕದಲ್ಲಿ ಲೆಕ್ಕ ಹಾಕಿ ಹೇಳುವುದು ಅವನ ಕೆಲಸ. ಹೊಸ ಮಾದರಿಯೊಂದಕ್ಕೆ ಲೆಕ್ಕ ಹಾಕಿದ, ತಡೆಯುತ್ತದೆಂದು ಉತ್ತರ ಬಂತು, ರುಜು ಹಾಕಿದ. ಎರಕವಾಗಿ ಬಂದ ಕವಚಕ್ಕೆ ನೀರು ತುಂಬಿ, ಕೆಲಸದಲ್ಲಿ ಬರುವುದಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು ಪರೀಕ್ಷಿಸಿದಾಗ ಕುತ್ತಿಗೆಯೂ ಫ್ಲೇಂಜೂ ಕೂಡುವ ಎಡೆಯಲ್ಲಿ ಬಿರುಕು ಬಿಟ್ಟಿತು. ಯಾರಿಗೂ ಏಟಾಗಲಿಲ್ಲ. ನೆಲ ಒದ್ದೆಯಾಯಿತು, ಅಷ್ಟೆ.

“ಮೇಷ್ಟ್ರೆ, ಲೆಕ್ಕ ಮಾಡಿದ್ದು ಲೈಬ್ರರಿ. ಅದರಲ್ಲಿ ತಪ್ಪಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ನನ್ನಲ್ಲೂ ತಪ್ಪಿಲ್ಲವೆಂದು ಎರಡು ದಿನ ನನಗೆ ನಾನೇ ಹೇಳಿಕೊಂಡೆ. ಹಾಗಾದರೆ ಒಡೆದದ್ದು ಯಾರ ತಪ್ಪಿನಿಂದ?” ಎಂದ.

ಲೈಬ್ರರಿ ಎಂದೊಡನೆ ನಮಗೆ ಪುಸ್ತಕಗಳ ಬೀರುಗಳು ನೆನಪಾಗುತ್ತವೆ. ಗಣಕದವರ ಮಾತಿನಲ್ಲಿ ಅದರ ಅರ್ಥ ಬೇರೆ. ಯಾರೋ ಒಮ್ಮೆ ಚೆನ್ನಾಗಿ ಬರೆದಿಟ್ಟ, ಉಳಿದವರು ತಮ್ಮ ಕೆಲಸಕ್ಕೆ ಎರವಲು ಪಡೆಯಬಹುದಾದ ಗಣನೆಯ ಕ್ರಮಗಳ ಸಂಗ್ರಹಕ್ಕೆ ಅವರು ಲೈಬ್ರರಿ ಎನ್ನುತ್ತಾರೆ. ನಮ್ಮ ತರುಣ ಎರವಲು ಪಡೆದದ್ದು ಲಿಬ್‌ಸೀಡ್ ಎಂಬುದನ್ನು. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯ, ಕೊಲರಾಡೊ ವಿಶ್ವವಿದ್ಯಾನಿಲಯ ಮುಂತಾದ ಕಡೆಗಳವರು ಕೂಡಿ ಕಟ್ಟಿದ್ದು. 2021ರಲ್ಲಿ ಇದನ್ನು ಕುರಿತ ಲೇಖನಕ್ಕೆ ಹತ್ತಕ್ಕೂ ಹೆಚ್ಚು ಜನ ಹೆಸರು ಹಾಕಿದ್ದಾರೆ. ಘನವಸ್ತುಗಳ ಬಾಗುಬಳುಕನ್ನು ಲೆಕ್ಕ ಹಾಕಲು ಅದರ ಮೇಲೆ ಕಟ್ಟಿದ ಇನ್ನೊಂದು ತಂತ್ರಾಂಶದ ಹೆಸರು ರಾಟೆಲ್. ಹೆಸರು ಕೇಳಿ ನನಗೆ ನೇಕಾರರ ಮನೆಯ ರಾಟೆ ನೆನಪಾಯಿತು. ಅದೊಂದು ಕಾಡುಪ್ರಾಣಿಯ ಹೆಸರೆಂದು ಹುಡುಗ ನಕ್ಕ.

ಇವೆಲ್ಲವೂ ಫೈನೈಟ್ ಎಲಿಮೆಂಟ್ ಎಂಬ ಪದ್ಧತಿಯ ಮೇಲೆ ನಿಂತಿವೆ. ವಸ್ತುವಿನ ಆಕಾರ ಸರಳವಾಗಿದ್ದರೆ ಅದರೊಳಗಿನ ಒತ್ತಡವನ್ನು ಸೂತ್ರದಿಂದ ಹೇಳಬಹುದು. ಪಂಪಿನ ಕವಚ ಶಂಖದ ಹಾಗೆ ತಿರುಚಿಕೊಂಡಿರುತ್ತದೆ, ಅದಕ್ಕೆ ಸೂತ್ರವಿಲ್ಲ. ಆದುದರಿಂದ ಅದನ್ನು ಮನಸ್ಸಿನಲ್ಲಿ ಸಣ್ಣ ಸಣ್ಣ ತುಣುಕುಗಳಾಗಿ ಕತ್ತರಿಸಿ, ಒಂದೊಂದು ತುಣುಕಿನಲ್ಲೂ ಸರಳವಾದ ನಡವಳಿಕೆಯನ್ನು ಊಹಿಸಿ, ಅಂಚುಗಳಲ್ಲಿ ಅವು ಹೊಂದುವಂತೆ ಮಾಡಿ ಉತ್ತರವನ್ನು ಪಡೆಯುತ್ತಾರೆ. ಗಣಿತಜ್ಞ ಕೂರಾಂಟ್ 1943ರಲ್ಲಿ ತ್ರಿಕೋನಗಳನ್ನು ಜೋಡಿಸಿ ಇಂಥ ಲೆಕ್ಕ ಮಾಡಿ ತೋರಿಸಿದ. ವಿಮಾನದ ರೆಕ್ಕೆಯ ಚಿಂತೆಯಲ್ಲಿದ್ದ ಟರ್ನರ್, ಕ್ಲಫ್ ಮೊದಲಾದವರು 1956ರಲ್ಲಿ ಅದನ್ನು ಎಂಜಿನಿಯರರ ಕೈಗೆ ತಂದರು. ಹೆಸರಿಟ್ಟವನು ಕ್ಲಫ್, 1960ರಲ್ಲಿ.

ತುಣುಕಿನೊಳಗಿನ ಊಹೆ ಬರಿಯ ಸರಳರೇಖೆಯಾಗಿದ್ದರೆ ಕೋಟಿಗಟ್ಟಲೆ ತುಣುಕುಗಳು ಬೇಕಾಗುತ್ತವೆ. ಅದರ ಬದಲು ದೊಡ್ಡ ತುಣುಕುಗಳನ್ನೇ ಇಟ್ಟುಕೊಂಡು, ಒಳಗೆ ಏಳನೆಯ ಘಾತದಂಥ ಬಹುಪದಗಳನ್ನು ಬಳಸುವುದು ಉನ್ನತ ಘಾತದ ಕ್ರಮ. ಒತ್ತಡ ನಯವಾಗಿ ಬದಲಾಗುವ ಕಡೆ ಇದರ ಫಲ ಆಶ್ಚರ್ಯಕರವಾದದ್ದು. ತುಣುಕಿನ ಅಳತೆಯನ್ನು ಅರ್ಧಕ್ಕಿಳಿಸಿದರೆ ಸರಳರೇಖೆಯ ಕ್ರಮದಲ್ಲಿ ದೋಷ ನಾಲ್ಕರಲ್ಲೊಂದು ಪಾಲಾಗುತ್ತದೆ. ಏಳನೆಯ ಘಾತದಲ್ಲಿ 256ರಲ್ಲೊಂದು ಪಾಲು. ಆದರೆ ಇದಕ್ಕೆ ಬೆಲೆಯುಂಟು. ಅಂಥ ಒಂದು ಘನಾಕಾರದ ತುಣುಕಿನಲ್ಲಿ ಪ್ರತಿ ದಿಕ್ಕಿಗೂ ಎಂಟರಂತೆ 512 ಬಿಂದುಗಳಿರುತ್ತವೆ. ಪ್ರತಿಯೊಂದಕ್ಕೂ ಪ್ರತಿಯೊಂದರೊಡನೆ ಸಂಬಂಧ. ಆ ಸಂಬಂಧಗಳನ್ನು ಪಟ್ಟಿ ಮಾಡಿಟ್ಟರೆ 2,62,144 ಅಂಕಿಗಳು, ಅದೂ ಒಂದು ತುಣುಕಿಗೆ.

ಲಿಬ್‌ಸೀಡ್‌ನಂಥ ಲೈಬ್ರರಿಗಳು ಆ ಪಟ್ಟಿಯನ್ನು ಬರೆದಿಡುವುದೇ ಇಲ್ಲ. ಇದನ್ನು ಕೇಳಿ ತರುಣನ ತಂದೆ, ಓದು ಬರಹ ಅಷ್ಟಾಗಿ ಇಲ್ಲದವರು, ತಲೆದೂಗಿದರಂತೆ. ಚೌಕುಳಿ ಸೀರೆ ನೇಯುವವನು ಒಂದೊಂದು ಎಳೆ ಒಂದೊಂದು ಎಳೆಯನ್ನು ಹಾಯುವ ಕಡೆ ಯಾವ ಬಣ್ಣ ಬೀಳಬೇಕೆಂದು ಲಕ್ಷಾಂತರ ಕಡೆಗಳ ಪಟ್ಟಿ ಇಟ್ಟುಕೊಳ್ಳುವುದಿಲ್ಲ. ಹಾಸಿನ ಬಣ್ಣಗಳ ಸರದಿ ಒಂದು, ಹೊಕ್ಕಿನ ಬಣ್ಣಗಳ ಸರದಿ ಒಂದು. ಲಾಳಿ ಓಡಿದಾಗ ಚೌಕುಳಿ ತಾನಾಗಿ ಆಗುತ್ತದೆ. ಇಲ್ಲಿಯೂ ಹಾಗೆಯೇ, ಒಂದು ದಿಕ್ಕಿಗೆ ಎಂಟೆಂಟಲ 64 ಅಂಕಿಗಳ ಕೋಷ್ಟಕ ಸಾಕು. ಅದನ್ನೇ ಮೂರು ದಿಕ್ಕುಗಳಲ್ಲಿ ಒಂದಾದ ಮೇಲೊಂದರಂತೆ ನಡೆಸಿದರೆ, ಎರಡೂವರೆ ಲಕ್ಷಕ್ಕೂ ಮಿಕ್ಕಿದ ಗುಣಾಕಾರಗಳ ಕೆಲಸ 12,288ರಲ್ಲಿ ಮುಗಿಯುತ್ತದೆ. ಸಂಗ್ರಹಿಸಿಡುವುದಕ್ಕಿಂತ ಬೇಕಾದಾಗ ಮಾಡಿಬಿಡುವುದೇ ಅಗ್ಗ. ಬಾಯಿಪಾಠದ ಮಕ್ಕಳನ್ನು ನೆನೆದು ನಾನು ಮನಸ್ಸಿನಲ್ಲೇ ನಕ್ಕೆ. ಅದು ಬೇರೆಯ ವಿಷಯ.

ಈ ಉಪಕಾರವನ್ನೆಲ್ಲ ಅವರು ಹಣವಿಲ್ಲದೆ ಕೊಡುತ್ತಾರೆ. ಕೊಡುವಾಗ ಒಂದು ಪತ್ರವನ್ನೂ ಜೊತೆಗಿಡುತ್ತಾರೆ. ಇದು ಇದ್ದಹಾಗೆಯೇ ನಿಮಗೆ ಸೇರಿದ್ದು, ಇದನ್ನು ಬಳಸಿ ನಷ್ಟವಾದರೆ ನಾವು ಹೊಣೆಯಲ್ಲ ಎಂಬುದು ಅದರ ತಾತ್ಪರ್ಯ. ಮೊದಲು ಓದಿದಾಗ ನನಗೆ ಸಿಟ್ಟು ಬಂತು. ಅರವಟ್ಟಿಗೆ ಇಟ್ಟವನು, ನೀರು ಕುಡಿ, ಹೊಟ್ಟೆ ನೊಂದರೆ ನನ್ನನ್ನು ಕೇಳಬೇಡ ಎನ್ನಬಹುದೆ? ಹಾಗೆನ್ನುವವನ ನೀರನ್ನು ನಾವು ಮುಟ್ಟುತ್ತೇವೆಯೆ? ಆದರೆ ವಿಚಾರ ಮಾಡಿದರೆ ಹೋಲಿಕೆ ಸರಿಹೋಗುವುದಿಲ್ಲ. ದಾರಿಹೋಕನಿಗೆ ನೀರನ್ನು ಪರೀಕ್ಷಿಸುವ ಉಪಾಯವಿಲ್ಲ. ಆದುದರಿಂದಲೇ ಹೊಣೆ ಕೊಟ್ಟವನದು. ಇಲ್ಲಿ ಕೊಟ್ಟವರು ಬಾವಿಯನ್ನೇ ತೆರೆದಿಟ್ಟಿದ್ದಾರೆ. ಬರೆದ ಒಂದೊಂದು ಸಾಲನ್ನೂ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಬದಲಾವಣೆಯಾದಾಗ ಮಾಡಿ ನೋಡುವ ಪರೀಕ್ಷೆಗಳೂ ಜೊತೆಯಲ್ಲಿಯೇ ಇವೆ. ದುಡ್ಡು ತೆಗೆದುಕೊಂಡು ಮುಚ್ಚಿದ ಪೆಟ್ಟಿಗೆಯನ್ನು ಮಾರುವವರೂ ಇದೇ ಬಗೆಯ ಪತ್ರ ಬರೆಯುತ್ತಾರೆ, ಬಾವಿಯನ್ನು ಮಾತ್ರ ತೋರಿಸುವುದಿಲ್ಲ. ಹೊಣೆಯನ್ನು ಹೊರಲಾರೆ, ಆದರೆ ಏನನ್ನೂ ಬಚ್ಚಿಡುವುದಿಲ್ಲ ಎನ್ನುವುದರಲ್ಲಿ ಒಂದು ಪ್ರಾಮಾಣಿಕತೆಯಿದೆ ಎಂದು ಈಗ ಒಪ್ಪುತ್ತೇನೆ. ಹಾಗಾದರೆ ಅವರು ಇಳಿಸಿಟ್ಟ ಹೊರೆ ಎಲ್ಲಿಗೆ ಹೋಯಿತು? ನೆಲದ ಮೇಲಂತೂ ಇರಲಾರದು. ಎತ್ತಿಕೊಂಡವನ ತಲೆಗೇ ಬರಬೇಕು.

ಎಲ್ಲವನ್ನೂ ತಾನೇ ಮಾಡಬೇಕು, ಇಲ್ಲದಿದ್ದರೆ ರುಜು ಹಾಕಬಾರದು ಎನ್ನುವ ನಿಷ್ಠುರರು ಉಂಟು. ಅವರ ಮಾತು ಕೇಳಲು ದೊಡ್ಡದು, ಬಾಳಲು ಆಗದ್ದು. ನಮ್ಮ ಕಾಲದಲ್ಲಿ ಲಾಗರಿತಮ್ ಕೋಷ್ಟಕವಿಲ್ಲದೆ ಯಾವ ಉಪಾಧ್ಯಾಯ ಪಾಠ ಮಾಡಿದ? ಅದರ ಒಂದು ಅಂಕಿಯನ್ನಾದರೂ ನಾನು ಗುಣಿಸಿ ನೋಡಿದವನಲ್ಲ. ಬ್ರಿಗ್ಸ್ 1624ರಲ್ಲಿ ಹದಿನಾಲ್ಕು ದಶಾಂಶಸ್ಥಾನಗಳವರೆಗೆ ಮಾಡಿಟ್ಟ. ಬಿಟ್ಟ ಭಾಗವನ್ನು ವ್ಲಾಕ್ 1628ರಲ್ಲಿ ಹತ್ತು ಸ್ಥಾನಗಳಿಗೆ ತುಂಬಿದ. ಮುಂದೆ ಬಂದವರು ನೋಡಿ ಬರೆದರು. ವ್ಲಾಕನ ಕೆಲವು ತಪ್ಪುಗಳು ಕೂಡ ಕೋಷ್ಟಕದಿಂದ ಕೋಷ್ಟಕಕ್ಕೆ ಹಾಗೆಯೇ ಇಳಿದುಬಂದು, ಯಾರು ಯಾರದನ್ನು ನಕಲು ಮಾಡಿದರೆಂಬುದಕ್ಕೆ ಸಾಕ್ಷಿ ಹೇಳಿದವು. ಆದರೂ ಹಡಗುಗಳು ದಡ ಸೇರಿದವು. ನೇಕಾರ ನೂಲು ತೆಗೆಯುವುದಿಲ್ಲ, ನೂಲು ತೆಗೆಯುವವನು ಹತ್ತಿ ಬೆಳೆಯುವುದಿಲ್ಲ. ತಿರುಪ್ಪೂರಿನ ಬನಿಯನ್ ತೊಟ್ಟುಕೊಂಡು ಸ್ವಾವಲಂಬನೆಯ ಉಪನ್ಯಾಸ ಮಾಡುವುದು ಚೆನ್ನಾಗಿರುವುದಿಲ್ಲ.

ಯಂತ್ರ ಹೇಳಿತು, ನಾನು ಬರೆದೆ ಎನ್ನುವುದು ಇನ್ನೊಂದು ಕೊನೆ. ಇದು ಹೆಚ್ಚು ಅಪಾಯಕರ, ಏಕೆಂದರೆ ಹೆಚ್ಚು ಸುಲಭ. 1991ನೆಯ ಆಗಸ್ಟ್ 23ರಂದು ನಾರ್ವೆಯ ಸ್ಟವಾಂಗರ್ ಬಳಿಯ ಕಡಲತೋಳಿನಲ್ಲಿ ಸ್ಲೈಪ್ನರ್ ಎಂಬ ಎಣ್ಣೆಬಾವಿಯ ವೇದಿಕೆಗೆಂದು ಕಟ್ಟಿದ ಬೃಹತ್ತಾದ ಕಾಂಕ್ರೀಟಿನ ಬುಡವನ್ನು ಪರೀಕ್ಷೆಗಾಗಿ ನೀರಿನಲ್ಲಿ ಇಳಿಸುತ್ತಿದ್ದರು. ಒಂದು ಗೋಡೆ ಬಿರಿಯಿತು. ನುಗ್ಗಿದ ನೀರನ್ನು ಪಂಪುಗಳು ಹೊರಹಾಕಲಾರದೆ ಹೋದವು. ಇಡೀ ಕಟ್ಟಡ ಮುಳುಗಿ ತಳದಲ್ಲಿ ನುಚ್ಚುನೂರಾಯಿತು. ಜೀವಹಾನಿಯಾಗಲಿಲ್ಲ. ವಿಚಾರಣೆಯಲ್ಲಿ ತಿಳಿದದ್ದೇನೆಂದರೆ, ಗೋಡೆಗಳು ಕೂಡುವ ಕಡೆ ತುಣುಕುಗಳನ್ನು ಸರಿಯಾಗಿ ಕತ್ತರಿಸದೆ ಲೆಕ್ಕ ಮಾಡಿದ್ದರಿಂದ ಕತ್ತರಿಬಲವನ್ನು ಶೇಕಡಾ 47ರಷ್ಟು ಕಡಮೆ ಅಂದಾಜು ಮಾಡಲಾಗಿತ್ತು. ಒಳಗಿನ ಕಬ್ಬಿಣವೂ ಸಾಲದಾಗಿತ್ತು. ನನ್ನನ್ನು ಬಹಳ ಹೊತ್ತು ಕಾಡಿದ ಸಂಗತಿ ಇನ್ನೊಂದು. ಅಪಘಾತದ ಅನಂತರ ಅದೇ ಪದ್ಧತಿಯಿಂದ ಎಚ್ಚರಿಕೆಯಿಂದ ಲೆಕ್ಕ ಮಾಡಿದಾಗ, ಗೋಡೆ 62 ಮೀಟರ್ ಆಳದಲ್ಲಿ ಒಡೆಯಬೇಕೆಂದು ಉತ್ತರ ಬಂತು. ಒಡೆದದ್ದು 65 ಮೀಟರಿನಲ್ಲಿ. ಎಂದರೆ ಸತ್ಯ ಅದೇ ಯಂತ್ರದೊಳಗೆ ಇತ್ತು, ಕೇಳಿದವರು ಸರಿಯಾಗಿ ಕೇಳಿರಲಿಲ್ಲ.

ಇದರಿಂದ ಉಪಕರಣ ಸದಾ ನಿರ್ದೋಷಿಯೆಂದು ತಿಳಿಯಬಾರದು. ತೆಳುವಾದ ತೊಲೆಯನ್ನು ಕೆಲವು ಬಗೆಯ ಸರಳ ತುಣುಕುಗಳಿಂದ ಲೆಕ್ಕ ಹಾಕಿದರೆ ಅದು ಬಾಗುವುದೇ ಇಲ್ಲವೇನೋ ಎಂಬಂತೆ ಉತ್ತರ ಬರುತ್ತಿತ್ತು. ಇದರ ಕಾರಣವನ್ನು ಬಗೆದು ನೋಡಿದವರಲ್ಲಿ ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಗಂಗನ್ ಪ್ರತಾಪ್ ಒಬ್ಬರು. 1980ರ ದಶಕದಲ್ಲಿ ಅವರು ತೋರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ, ತುಣುಕಿನೊಳಗೆ ನಾವು ಇಟ್ಟ ಊಹೆಯೇ ಒಂದು ಸುಳ್ಳು ಕಟ್ಟುಪಾಡಾಗಿ ನಿಲ್ಲುತ್ತದೆ. ಬರಿದೆ ಬಾಗುವುದು ಎಂಬ ಸ್ಥಿತಿಯನ್ನು ಹೇಳಲು ಆ ತುಣುಕಿಗೆ ಮಾತೇ ಇರುವುದಿಲ್ಲ. ಮಾತಿಲ್ಲದವನು ಸುಳ್ಳುಗಾರನಲ್ಲ, ಆದರೂ ಅವನ ಸಾಕ್ಷ್ಯ ದಾರಿ ತಪ್ಪಿಸುತ್ತದೆ. ಉನ್ನತ ಘಾತದ ತುಣುಕುಗಳಲ್ಲಿ ಈ ಕಾಟ ಬಹುಮಟ್ಟಿಗೆ ಕಡಮೆ. ಆದರೆ ಅವುಗಳಿಗೂ ತಮ್ಮ ಕುರುಡಿದೆ. ಒಳಮುಖವಾದ ಚೂಪು ಮೂಲೆಯಲ್ಲಿ ಒತ್ತಡ ನಯವಾಗಿರುವುದಿಲ್ಲ. ಅಲ್ಲಿ ಘಾತವನ್ನು ಏರಿಸಿದಷ್ಟೂ, ತುಣುಕನ್ನು ಕಿರಿದುಮಾಡಿದಷ್ಟೂ ಅಂಕಿ ಮೇಲೇರುತ್ತ ಹೋಗುತ್ತದೆಯೇ ಹೊರತು ಒಂದು ಕಡೆ ನಿಲ್ಲುವುದಿಲ್ಲ. ಎರಕದ ಅಚ್ಚು ಮಾಡುವ ಹಳೆಯ ಕೆಲಸಗಾರರು ಇದಾವುದನ್ನೂ ಓದದೆ ಮೂಲೆಗಳನ್ನು ದುಂಡಗೆ ಮಾಡುತ್ತ ಬಂದಿದ್ದಾರೆ.

ಹಾಗಾದರೆ ಎರವಲು ಲೆಕ್ಕಕ್ಕೆ ರುಜು ಹಾಕುವವನು ಏನನ್ನು ಬಲ್ಲವನಾಗಿರಬೇಕು? ಚಿನ್ನ ಕೊಳ್ಳುವವನು ಗಣಿಗೆ ಇಳಿಯಬೇಕಾಗಿಲ್ಲ, ಒರೆಗಲ್ಲನ್ನು ಇಟ್ಟುಕೊಂಡಿರಬೇಕು. ಈ ಶಾಸ್ತ್ರದವರಲ್ಲಿ ನಮಗೆ ಪರಿಚಯವಾದ ಒರೆಗಲ್ಲೇ ಒಂದಿದೆ. ಉತ್ತರವನ್ನು ಮೊದಲು ತಾವೇ ನಿಶ್ಚಯಿಸಿ, ಆ ಉತ್ತರ ಬರುವಂಥ ಪ್ರಶ್ನೆಯನ್ನು ಹಿಂದಿನಿಂದ ಕಟ್ಟಿ, ಗಣಕಕ್ಕೆ ಕೊಟ್ಟು ನೋಡುತ್ತಾರೆ. ಪ್ರಶ್ನಪತ್ರಿಕೆ ಬರೆದ ಪ್ರತಿಯೊಬ್ಬ ಉಪಾಧ್ಯಾಯನೂ ಮಾಡಿರುವ ಕೆಲಸವಲ್ಲವೆ ಇದು? ಆದರೆ ಇದು ಉತ್ತರಿಸುವುದು ಲೆಕ್ಕ ಸರಿಯೆ ಎಂಬ ಪ್ರಶ್ನೆಯನ್ನು. ಇದು ಸರಿಯಾದ ಲೆಕ್ಕವೆ ಎಂಬ ಪ್ರಶ್ನೆ ಬೇರೆ. ಅದಕ್ಕೆ ಯಾವ ಲೈಬ್ರರಿಯಲ್ಲೂ ಉತ್ತರವಿಲ್ಲ.

ನಮ್ಮ ತರುಣ ಜಾರಿದ್ದು ಇಲ್ಲಿಯೇ. ಫ್ಲೇಂಜು ಎದುರಿನ ಮುಖಕ್ಕೆ ಅಲುಗದಂತೆ ಅಂಟಿಕೊಂಡಿದೆ ಎಂದು ಆತ ಲೆಕ್ಕಕ್ಕೆ ಹೇಳಿದ್ದ. ನಿಜದಲ್ಲಿ ಅದನ್ನು ಹಿಡಿದಿದ್ದುದು ಬೋಲ್ಟುಗಳು. ಒತ್ತಡಕ್ಕೆ ಅವು ಕೂದಲೆಳೆಯಷ್ಟು ಹಿಗ್ಗಿದವು, ಫ್ಲೇಂಜು ಅಷ್ಟೇ ಬಾಗಿತು, ಕುತ್ತಿಗೆ ಬಿರಿಯಿತು. ಲೈಬ್ರರಿ ತನಗೆ ಹೇಳಿದ ಪ್ರಪಂಚಕ್ಕೆ ಬಹು ದಶಾಂಶಗಳವರೆಗೆ ನಿಷ್ಠವಾಗಿತ್ತು. ಆ ಪ್ರಪಂಚದಲ್ಲಿ ಬೋಲ್ಟುಗಳೇ ಇರಲಿಲ್ಲ. ಉತ್ತರದಲ್ಲಿ ದಶಾಂಶಗಳು ಹೆಚ್ಚಾದಷ್ಟೂ ಪ್ರಶ್ನೆಯನ್ನು ಮತ್ತೆ ನೋಡುವ ಮನಸ್ಸು ಕಡಮೆಯಾಗುತ್ತದೆಯೇನೋ.

“ನಿನ್ನದೇ ತಪ್ಪು” ಎಂದು ಹೇಳಿದೆ. ಹೇಳಿದ ಮೇಲೆ ಗಂಟಲು ಕಟ್ಟಿತು. ಅವನು ಹತ್ತನೆಯ ತರಗತಿಯಲ್ಲಿದ್ದಾಗ, ದತ್ತಾಂಶವನ್ನು ಪ್ರಶ್ನಿಸಿದ ದಿನಗಳಲ್ಲಿ, ಕೊಟ್ಟದ್ದನ್ನು ಕೊಟ್ಟಹಾಗೆ ಇಟ್ಟುಕೊಂಡು ಉತ್ತರ ತೆಗೆ ಎಂದು ಗದರಿದವನು ನಾನೇ. ಪರೀಕ್ಷೆ ಹತ್ತಿರವಿತ್ತು. ಉತ್ತರಕ್ಕೆ ಅಂಕವಿತ್ತು, ಅನುಮಾನಕ್ಕೆ ಇರಲಿಲ್ಲ. ಇದನ್ನೂ ಅವನಿಗೆ ಹೇಳಿದೆ.

ರುಜುವೆಂಬುದು ಇದನ್ನು ನಾನು ಮಾಡಿದೆ ಎಂಬ ಮಾತಲ್ಲ, ಕೇಳುವುದಿದ್ದರೆ ನನ್ನನ್ನು ಕೇಳಿ ಎಂಬ ಮಾತು ಎಂದು ನಾವಿಬ್ಬರೂ ಅಂದು ಒಂದು ಒಪ್ಪಂದಕ್ಕೆ ಬಂದೆವು. ಹಾಗೆ ಕೇಳಿದರೆ ಹೇಳಲು ಬೇಕಾದದ್ದು ಲೆಕ್ಕದ ಒಳಗಿನ ಎರಡೂವರೆ ಲಕ್ಷ ಅಂಕಿಗಳಲ್ಲ. ಯಾವುದನ್ನು ಇದೆಯೆಂದು ಇಟ್ಟುಕೊಂಡೆ, ಯಾವುದನ್ನು ಇಲ್ಲವೆಂದು ಬಿಟ್ಟೆ ಎಂಬಷ್ಟು. ಆತ ಊರಿಗೆ ಹೋದವನು ಕುತ್ತಿಗೆಯನ್ನು ದಪ್ಪಮಾಡಿಸಿ, ಬೋಲ್ಟುಗಳನ್ನು ಲೆಕ್ಕಕ್ಕೆ ಸೇರಿಸಿ, ಮತ್ತೆ ಎರಕ ಹೊಯ್ಯಿಸಿದ. ಈಗ ತನ್ನ ಪ್ರತಿಯೊಂದು ವರದಿಯಲ್ಲೂ ರುಜುವಿನ ಮೇಲೆ ಇಂಥಿಂಥದನ್ನು ಬಿಟ್ಟಿದ್ದೇನೆ ಎಂದು ಒಂದೆರಡು ಸಾಲು ಬರೆಯುತ್ತಾನಂತೆ. ಗಿರಾಕಿಗಳು ಹೆದರುತ್ತಾರೆ, ಆ ಸಾಲುಗಳು ಬೇಡ ಎಂದು ಮೇಲಿನವರು ಎರಡು ಸಲ ಹೇಳಿದ್ದಾರೆ. ಇನ್ನೂ ತೆಗೆದಿಲ್ಲವೆಂದು ಮೊನ್ನೆ ಕಾಗದ ಬರೆದಿದ್ದಾನೆ.