ಹಳೆಯ ಶಾಲೆಯನ್ನು ಏಕೆ ಉಳಿಸಬೇಕು?

ಕುಣಿಗಲ್ ಎಂದರೆ ಕೆರೆ, ಕುದುರೆ ಫಾರಂ. ಗುಬ್ಬಿ ಎಂದರೆ ವೀರಣ್ಣನವರ ನಾಟಕ ಕಂಪನಿ. ತುಮಕೂರಿನ ಮಗ್ಗುಲಲ್ಲೇ ಸಿದ್ಧಗಂಗೆಯಿದೆ, ಕೈದಾಳದ ಚೆನ್ನಕೇಶವನಿದ್ದಾನೆ. ಈ ಊರುಗಳ ಪರಂಪರೆ ಯಾವುದು ಎಂದು ಕೇಳಿದರೆ ಇವನ್ನೆಲ್ಲ ತಡವರಿಸದೆ ಹೇಳುತ್ತೇವೆ. ಪೇಟೆಯ ನಡುವೆ ಹೆಂಚು ಹೊದ್ದು ನಿಂತ ಸರ್ಕಾರಿ ಶಾಲೆ ಮಾತ್ರ ಆ ಪಟ್ಟಿಗೆ ಸೇರುವುದು ಅಪರೂಪ. ಅದು ನೆನಪಾಗುವುದು ಸೂರು ಸೋರಿದಾಗ, ಇಲ್ಲವೇ ಆ ಜಾಗದ ಮೇಲೆ ಯಾರದಾದರೂ ಕಣ್ಣು ಬಿದ್ದಾಗ.

ಆಗ ಉಳಿಸಿ ಎನ್ನುವವರು ಸಾಮಾನ್ಯವಾಗಿ ಎರಡು ಕಾರಣ ಕೊಡುತ್ತಾರೆ. ಕಟ್ಟಡ ನೂರು ವರ್ಷ ಹಳೆಯದು ಎಂಬುದು ಒಂದು. ಇಲ್ಲಿ ಇಂಥ ದೊಡ್ಡವರು ಓದಿದ್ದರು ಎಂಬುದು ಇನ್ನೊಂದು. ಎರಡೂ ಸಾಲವು ಎಂದು ನನಗನಿಸುತ್ತದೆ. ವಯಸ್ಸೇ ಯೋಗ್ಯತೆಯಾದರೆ ಹಳೆಯ ಜೈಲಿಗೂ ಅದೇ ಮರ್ಯಾದೆ ಸಲ್ಲಬೇಕು. ದೊಡ್ಡ ಹೆಸರನ್ನು ನೆಚ್ಚಿಕೊಂಡರೆ, ಅದಕ್ಕಿಂತ ದೊಡ್ಡ ಹೆಸರು ಎದುರಾದ ದಿನ ಶಾಲೆ ಸೋಲುತ್ತದೆ.

ಮೈಸೂರಿನಲ್ಲಿ ಹಾಗೇ ಆಯಿತು. ಸ್ವಾಮಿ ವಿವೇಕಾನಂದರು 1892ರಲ್ಲಿ ಅಲ್ಲಿಗೆ ಬಂದಾಗ ನಿರಂಜನ ಮಠದಲ್ಲಿ ತಂಗಿದ್ದರು ಎಂಬ ಕಾರಣಕ್ಕೆ ಸ್ಮಾರಕದ ಯೋಜನೆ ಬಂತು. ಅದೇ ಜಾಗದಲ್ಲಿ ತಲೆಮಾರುಗಳ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ್ದ ಎನ್‌ಟಿಎಂ ಶಾಲೆಯಿತ್ತು. ವರ್ಷಗಟ್ಟಲೆ ಹೋರಾಟ ನಡೆದರೂ 2022ರಲ್ಲಿ ಶಾಲೆಯ ಕಟ್ಟಡವನ್ನು ಕೆಡವಲಾಯಿತು. ವಿವೇಕಾನಂದರ ಮೇಲಿನ ಗೌರವ ಇಲ್ಲಿ ಪ್ರಶ್ನೆಯಲ್ಲ. ಒಬ್ಬ ಮಹಾತ್ಮರು ಕಳೆದ ದಿನಗಳನ್ನು ನೆನೆಯುವ ಭಾಷೆ ನಮ್ಮಲ್ಲಿದೆ. ಹೆಸರಿಲ್ಲದ ಸಾವಿರಾರು ಮಕ್ಕಳು ಕಳೆದ ವರ್ಷಗಳನ್ನು ನೆನೆಯುವ ಭಾಷೆ ಇಲ್ಲ. ತೊಡಕಿರುವುದು ಅಲ್ಲಿ.

ಆಸ್ಟ್ರಿಯಾದ ಕಲಾ ಇತಿಹಾಸಕಾರ ಅಲೋಯಿಸ್ ರೀಗಲ್ 1903ರಲ್ಲಿ ಸ್ಮಾರಕಗಳ ಕುರಿತು ಬರೆಯುತ್ತ, ಹಳೆಯ ಕಟ್ಟಡದ ವಯಸ್ಸಿನ ಮೌಲ್ಯ, ಚರಿತ್ರೆಯ ಮೌಲ್ಯ, ಬಳಕೆಯ ಮೌಲ್ಯ ಇವು ಬೇರೆಬೇರೆ, ಒಮ್ಮೊಮ್ಮೆ ಪರಸ್ಪರ ಜಗಳವಾಡುತ್ತವೆ ಎಂದು ತೋರಿಸಿದ. ಶಾಲೆಯ ವಿಷಯದಲ್ಲಿ ಕೊನೆಯ ಎರಡನ್ನು ಬೇರ್ಪಡಿಸಲಾಗದು. ಶಾಲೆಯ ಬಳಕೆಯೇ ಅದರ ಚರಿತ್ರೆ. ತುಮಕೂರಿನ ಎಂಪ್ರೆಸ್ ಬಾಲಕಿಯರ ಶಾಲೆಯ ಹೆಸರಿನಲ್ಲಿ ಸಾಮ್ರಾಜ್ಞಿ ಇದ್ದಾಳೆ. ಚರಿತ್ರೆ ಮಾತ್ರ ಅವಳದಲ್ಲ, ಪುಸ್ತಕ ಎದೆಗವಚಿಕೊಂಡು ಆ ಗೇಟು ದಾಟಿದ ಹುಡುಗಿಯರದು.

ಆ ಚರಿತ್ರೆ ಎಲ್ಲವೂ ಹೆಮ್ಮೆಯದಲ್ಲ. ಹಳೆಯ ಶಾಲೆಗಳ ಜಗಲಿಯನ್ನು ನಾವು ನೆರಳಿಗಾಗಿ, ಕಂಬಗಳ ಚೆಲುವಿಗಾಗಿ ಮೆಚ್ಚುತ್ತೇವೆ. ಒಳಗೆ ಬಿಟ್ಟುಕೊಳ್ಳದ ದಲಿತ ಮಕ್ಕಳು ಕೂತು ಪಾಠ ಕೇಳಿದ್ದೂ ಅಂಥ ಜಗಲಿಗಳಲ್ಲೇ. 1910ರ ದಶಕದಲ್ಲಿ ಮೈಸೂರು ಸರ್ಕಾರ ಆ ಮಕ್ಕಳನ್ನೂ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಲು ಮುಂದಾದಾಗ ಮೇಲುಜಾತಿಯವರಿಂದ ವಿರೋಧ ಬಂತು. ಜಗಲಿಯಿಂದ ತರಗತಿಯೊಳಕ್ಕೆ ಇರುವುದು ಒಂದು ಹೊಸ್ತಿಲಿನ ದೂರ. ಅದನ್ನು ದಾಟಲು ಎಷ್ಟು ಕಾಲ ಹಿಡಿಯಿತು ಎಂಬುದನ್ನು ಆ ಹೊಸ್ತಿಲು ಹೇಳುವಷ್ಟು ಸ್ಪಷ್ಟವಾಗಿ ಯಾವ ಪಠ್ಯವೂ ಹೇಳಲಾರದು. ಅದಕ್ಕಾಗಿಯೇ ಅದು ಉಳಿಯಬೇಕು.

ಒಂದು ಆಕ್ಷೇಪಕ್ಕೆ ಇಲ್ಲಿ ಉತ್ತರ ಕೊಡಲೇಬೇಕು. ನೆನಪು ಉಳಿಸಲು ಇಂದಿನ ಮಗುವನ್ನು ಬಿರುಕುಬಿಟ್ಟ ಗೋಡೆಯ ಕೆಳಗೆ ಕೂರಿಸಬಹುದೇ? ಖಂಡಿತ ಕೂಡದು. 2022ರಲ್ಲೇ ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗ ಕುಸಿಯಿತು. ಪರಂಪರೆಯ ಹೆಸರಿನಲ್ಲಿ ಯಾರ ಜೀವವನ್ನೂ ಪಣಕ್ಕಿಡುವಂತಿಲ್ಲ. ಆದರೆ ಇಂಥ ಕಟ್ಟಡಗಳು ಒಂದೇ ದಿನದಲ್ಲಿ ಶಿಥಿಲವಾಗುವುದಿಲ್ಲ. ಒಡೆದ ಹೆಂಚನ್ನು ಬದಲಿಸದಿದ್ದರೆ ಮಳೆನೀರು ಮರದ ತೊಲೆಗೆ ಇಳಿಯುತ್ತದೆ. ತೊಲೆ ಕೊಳೆತರೆ ಮಾಡು ಕೂರುತ್ತದೆ. ಹತ್ತು ಮಳೆಗಾಲ ಸುಮ್ಮನಿದ್ದು ಹನ್ನೊಂದನೆಯ ವರ್ಷ ಅಪಾಯ ಎಂದು ಬೋರ್ಡು ಹಾಕುವುದು ಮಕ್ಕಳ ಮೇಲಿನ ಕಾಳಜಿಯಲ್ಲ.

ಹಾಗೆಂದು ಶಾಲೆ ಮುಚ್ಚಿ ಅಲ್ಲೊಂದು ವಸ್ತುಸಂಗ್ರಹಾಲಯ ಮಾಡಿದರೂ ಉಳಿಸಿದಂತಾಗದು. ಏನೂ ಇಲ್ಲದವರ ಮಗುವಿಗೂ ಇಲ್ಲಿ ಜಾಗವಿದೆ ಎಂದು ಸಾರ್ವಜನಿಕ ಹಣದಲ್ಲಿ ಕಟ್ಟಿ ಕೊಟ್ಟ ಮಾತು ಸರ್ಕಾರಿ ಶಾಲೆ. ಮಾತನ್ನು ನಡೆಸಿದರಷ್ಟೇ ಅದು ಉಳಿಯುತ್ತದೆ. ದುರಸ್ತಿ ಸಾಧ್ಯವಿದ್ದರೆ ದುರಸ್ತಿ ಮಾಡಿ ಅಲ್ಲೇ ಪಾಠ ನಡೆಸಬೇಕು. ಸಾಧ್ಯವಿಲ್ಲವೆಂದು ಬಲ್ಲವರು ಪರೀಕ್ಷಿಸಿ ಹೇಳಿದರೆ ಆ ನೆಲದಲ್ಲಿ ಇನ್ನೊಂದು ಶಾಲೆಯೇ ಏಳಬೇಕು. ಹಳೆಯ ದಾಖಲಾತಿ ರಿಜಿಸ್ಟರುಗಳು ಗೆದ್ದಲಿಗೆ ಸಿಗದಂತೆ ಹೊಸ ಕಟ್ಟಡಕ್ಕೆ ಬರಬೇಕು. ಯಾವ ಸ್ಮಾರಕದ ಮೇಲೂ ಕೆತ್ತದ ಹೆಸರುಗಳು ತಂದೆಯ ಹೆಸರು, ಕಸುಬು, ಹುಟ್ಟಿದ ತಾರೀಕಿನೊಂದಿಗೆ ಇರುವುದು ಅವುಗಳಲ್ಲೇ.