ಕಾಣದ ಕೆಲಸದ ಋಣ

ಮನುಷ್ಯನು ಮಾಡುವ ಕೆಲಸಗಳಲ್ಲಿ ಎರಡು ಬಗೆಯುಂಟು. ಮಾಡಿದ ಮೇಲೆ ಕಣ್ಣಿಗೆ ಕಾಣುತ್ತಿರುವವು ಕೆಲವು. ಮಾಡಿದೊಡನೆ ಮರೆಯಾಗಿ ಹೋಗುವವು ಕೆಲವು. ಕಾಣುವ ಕೆಲಸಕ್ಕೆ ಲೋಕವೇ ಕಾವಲುಗಾರ. ಗೋಡೆ ವಾಲಿದ್ದರೆ ದಾರಿಹೋಕನೂ ಬೆರಳು ಮಾಡಿ ತೋರಿಸುತ್ತಾನೆ. ಕಾಣದ ಕೆಲಸಕ್ಕೆ ಕಾವಲು ಯಾರು? ಅದನ್ನು ಚೆನ್ನಾಗಿ ಮಾಡಬೇಕೆಂಬ ಋಣ ಯಾರಿಗೆ ಸಲ್ಲತಕ್ಕದ್ದು? ಈ ಪ್ರಶ್ನೆಯನ್ನು ವಿಚಾರಿಸಲು ನಾವು ಬಹುದೂರ ಹೋಗಬೇಕಾಗಿಲ್ಲ. ನಮ್ಮ ಮನೆಯ ಬಚ್ಚಲೇ ಸಾಕು.

ನಮ್ಮ ದುಧನಿಯ ಕಡೆಯ ಹಳೆಯ ಮನೆಗಳಲ್ಲಿ ಬಚ್ಚಲ ನೀರು ಶಹಾಬಾದದ ಫರಸಿಯ ಮೇಲೆ ಹರಿದು, ಗೋಡೆಯ ತೂತಿನಿಂದ ಹೊರಬಿದ್ದು, ತೆರೆದ ಮೋರಿಯನ್ನು ಸೇರುವುದು ರೂಢಿ. ಕಸ ಕಟ್ಟಿದರೆ ಒಂದು ಕಟ್ಟಿಗೆಯಿಂದ ಚುಚ್ಚಿದರಾಯಿತು. ಅಲ್ಲಿ ತಪ್ಪು ಬೆಳಕಿನಲ್ಲಿಯೇ ಇರುತ್ತದೆ, ತಿದ್ದುವುದೂ ಸುಲಭ. ಈಗ ಕಟ್ಟುವ ಮನೆಗಳ ಮಾತು ಬೇರೆ. ಮೇಲಿನಿಂದ ಮಳೆಯಂತೆ ನೀರು ಸುರಿಸುವ ಶವರು, ಕೆಳಗೆ ಕಾಂಕ್ರೀಟಿನ ನೆಲ. ನೀರು ಹೋಗುವ ಕೊಳವೆಯನ್ನು ಕಾಂಕ್ರೀಟು ಸುರಿಯುವ ಮೊದಲೇ ಇಡಬೇಕು. ಸುರಿದ ಮೇಲೆ ಅದು ಹೂತ ವಸ್ತು.

ಅದನ್ನು ಇಡುವ ಕ್ರಮವನ್ನು ಬಲ್ಲ ಗೌಂಡಿ ಹೀಗೆ ಮಾಡುತ್ತಾನೆ. ಒಂದು ಮೀಟರಿಗೆ ಸುಮಾರು 2 ಸೆಂಟಿಮೀಟರಿನಷ್ಟು ಇಳಿಜಾರು ಬರುವಂತೆ ಕೊಳವೆಯನ್ನು ರಸಮಟ್ಟದಿಂದ ನೋಡಿ ಕೂಡಿಸುತ್ತಾನೆ. ನೀರು ಇಳಿಯುವ ಬಾಯಿಯ ಕೆಳಗೆ ನ್ಹಾಣಿ ಟ್ರ್ಯಾಪನ್ನು ಇಡುತ್ತಾನೆ. ಅದರಲ್ಲಿ ಸದಾ ನಿಲ್ಲುವ ಸುಮಾರು 5 ಸೆಂಟಿಮೀಟರು ನೀರು ಮೋರಿಯ ದುರ್ಗಂಧವನ್ನೂ ಹುಳಹುಪ್ಪಡಿಯನ್ನೂ ಮೇಲೆ ಬಾರದಂತೆ ತಡೆಯುತ್ತದೆ. ಹಸಿ ಕಾಂಕ್ರೀಟು ಕೊಳವೆಯನ್ನು ಮೇಲೆತ್ತದಂತೆ ಅದನ್ನು ಬಿಗಿದು ಕಟ್ಟುತ್ತಾನೆ. ಸಿಮೆಂಟಿನ ರಾಡಿ ಒಳಹೋಗದಂತೆ ಬಾಯಿ ಮುಚ್ಚುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಕೆಳತುದಿಯನ್ನು ಮುಚ್ಚಿ, ಕೊಳವೆಯ ತುಂಬ ನೀರು ನಿಲ್ಲಿಸಿ, ಒಂದೆರಡು ತಾಸು ಕಾಯುತ್ತಾನೆ. ನೀರು ಇಳಿಯದಿದ್ದರೆ ಮಾತ್ರ ಮುಂದಿನ ಕೆಲಸ.

ಈ ಒಂದೆರಡು ತಾಸಿನಲ್ಲಿಯೇ ನೀತಿಯ ಪ್ರಶ್ನೆ ಅಡಗಿದೆ. ಖಡಿ, ಉಸುಕು, ಸಿಮೆಂಟು ಬಂದು ಬಿದ್ದಿವೆ. ಕಲಸುವ ಯಂತ್ರ ಬಾಡಿಗೆಯದು. ಆಳುಗಳು ಕಾದು ನಿಂತಿದ್ದಾರೆ. ನೀರು ತುಂಬಿ ನೋಡದೆ ಬಿಟ್ಟರೆ ಅಂದು ಯಾರಿಗೂ ತಿಳಿಯದು. ಕಾಂಕ್ರೀಟು ಕೆಲವೇ ತಾಸುಗಳಲ್ಲಿ ಬಿಗಿಯುತ್ತದೆ, 28 ದಿನಗಳಲ್ಲಿ ಎಣಿಸಿದ ಬಲವನ್ನು ಪಡೆಯುತ್ತದೆ. ಅದು ಒಳ್ಳೆಯ ಕೊಳವೆಯನ್ನು ಮುಚ್ಚುವಷ್ಟೇ ನಿಷ್ಠೆಯಿಂದ ಕೆಟ್ಟ ಕೊಳವೆಯನ್ನೂ ಮುಚ್ಚುತ್ತದೆ.

ಸಿಕ್ಕಿಬೀಳುವ ಭಯವೇ ಮನುಷ್ಯನನ್ನು ನೆಟ್ಟಗೆ ನಡೆಸುತ್ತದೆಂದು ಕೆಲವರು ವಾದಿಸುತ್ತಾರೆ. ಇಲ್ಲಿ ಆ ಭಯ ನಿಲ್ಲುವುದಿಲ್ಲ. ಗೋಡೆಗೆ ತೇವ ಏರಿ, ಗಿಲಾವು ಉದುರಿ, ದೋಷ ಹೊರಬೀಳುವ ವೇಳೆಗೆ ವರುಷಗಳು ಕಳೆದಿರುತ್ತವೆ. ಗೌಂಡಿ ಬೇರೆ ಊರಿನಲ್ಲಿರಬಹುದು, ಮನೆ ಬೇರೆಯವರ ಕೈಗೆ ಹೋಗಿರಬಹುದು. ನೆಲ ಒಡೆಸುವ ನೋವು ಬೀಳುವುದು ಅಂದು ಅಲ್ಲಿ ಇಲ್ಲದಿದ್ದವರ ಮೇಲೆ. ಆದುದರಿಂದ ಕಾಣದ ಕೆಲಸದ ಋಣ ಎದುರಿಗಿದ್ದ ಒಡೆಯನಿಗೆ ಮಾತ್ರ ಸಲ್ಲುವುದಲ್ಲ. ಇನ್ನೂ ಬಾರದ, ಹೆಸರು ತಿಳಿಯದ ಮನುಷ್ಯನಿಗೂ ಸಲ್ಲುವುದು. ಅವನು ಇಂದು ಬಂದು ಕೇಳಲಾರನು. ಕೇಳಲಾರದವನ ಪರವಾಗಿ ನಮ್ಮ ಮನಸ್ಸೇ ಕೇಳಬೇಕು.

ಆದರೆ ಇಷ್ಟನ್ನು ಹೇಳಿ ಗೌಂಡಿಗೆ ಉಪದೇಶ ಮಾಡಿ ಮುಗಿಸಿದರೆ ಅದು ಅರ್ಧ ನ್ಯಾಯ. ಕಾಯುವ ಆ ಎರಡು ತಾಸಿಗೂ ಕೂಲಿಯುಂಟಷ್ಟೆ? ನಾವು ಕಾಣುವ ಟೈಲ್ಸಿನ ಹೊಳಪಿಗೆ ಕೇಳಿದಷ್ಟು ಕೊಟ್ಟು, ಕಾಣದ ಕೊಳವೆಯ ಬೆಲೆಯಲ್ಲಿ ಚೌಕಾಶಿ ಮಾಡುತ್ತೇವೆ. 'ಲಗು ಮುಗಿಸಪ್ಪಾ' ಎಂದು ಅವಸರಪಡಿಸುತ್ತೇವೆ. ದಿನಗೂಲಿಯವನಿಂದ ಪ್ರಾಮಾಣಿಕತೆಯನ್ನು ಪುಕ್ಕಟೆಯಾಗಿ ಬೇಡುವುದು ಯಾವ ಧರ್ಮ? ಹೂತುಹೋದ ದೋಷದಲ್ಲಿ ಹೂತವನ ಪಾಲು ಎಷ್ಟೋ, ಕಾಯಗೊಡದವನ ಪಾಲೂ ಅಷ್ಟೇ ಇದೆ.

ಇನ್ನೊಂದು ಆಕ್ಷೇಪವುಂಟು. ಎಷ್ಟು ನೋಡಿ ಮಾಡಿದರೂ ಮನುಷ್ಯನ ಕೈಕೆಲಸ ಒಮ್ಮೆ ಕಟ್ಟಿಕೊಳ್ಳದೆ ಇರದು, ಮುಂದಿನದೆಲ್ಲವನ್ನೂ ಅರಿಯಬಲ್ಲವನಾರು? ಈ ಮಾತು ನಿಜ. ಇದಕ್ಕೆ ಉತ್ತರವನ್ನು ವಿಜಾಪುರವು ಕೊಟ್ಟಿದೆ. 1651ರಲ್ಲಿ ಮಹಮ್ಮದ ಆದಿಲಶಹನ ಆಳಿಕೆಯಲ್ಲಿ ಬೇಗಂ ತಲಾಬವಾಯಿತು. ಅದರ ನೀರು ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ಪಟ್ಟಣಕ್ಕೆ ಹರಿಯುತ್ತಿತ್ತು. ಆ ಕಾಲದವರು ಕೊಳವೆಯನ್ನು ಹೂಳಿ ಸುಮ್ಮನಾಗಲಿಲ್ಲ. ನಡುನಡುವೆ ಗಂಜ್ ಎಂಬ ಗೋಪುರಗಳನ್ನು ಕಟ್ಟಿದರು. ನೀರಿನ ಒತ್ತಡ ಅಲ್ಲಿ ತಗ್ಗುತ್ತಿತ್ತು, ಹೂಳು ಅಲ್ಲಿ ಇಳಿಯುತ್ತಿತ್ತು. ಅದಕ್ಕೂ ಬಹು ಹಿಂದೆ, ಸುಮಾರು 4500 ವರುಷಗಳ ಕೆಳಗೆ, ಮೊಹೆಂಜೊದಾರೋದ ಜನ ತಮ್ಮ ಇಟ್ಟಿಗೆಯ ಮೋರಿಗಳನ್ನು ಮುಚ್ಚಿದರೂ ತೆರೆದು ಶುಚಿಮಾಡಲು ಎಡೆಯಿಟ್ಟಿದ್ದರು. ತನ್ನ ಕೆಲಸ ಕೆಡಬಹುದೆಂದು ಬಗೆದು ತಿದ್ದುವವನಿಗೆ ಒಂದು ಬಾಯಿ ಬಿಟ್ಟಿರುವುದು ಅಪನಂಬಿಕೆಯಲ್ಲ, ವಿನಯ. ಇಂದಿನ ಕೊಳವೆಗೂ ತಿರುವಿನಲ್ಲಿ ಅಂಥದೊಂದು ಬಾಯಿ ಬೇಕು.

ಶಿಕ್ಷಕ ಬಂಧುಗಳೇ, ನಮ್ಮ ವೃತ್ತಿಯೂ ಬಹುಮಟ್ಟಿಗೆ ನೆಲದಡಿಯದೇ. ಒಂದನೆಯ ಇಯತ್ತೆಯ ಒತ್ತಕ್ಷರ, ಎರಡನೆಯದರ ಸ್ಥಾನಬೆಲೆ ಯಾವ ಸಮಾರಂಭದಲ್ಲಿಯೂ ಕಾಣವು. ಅವುಗಳ ಮೇಲೆ ಕನ್ನಡ, ಮರಾಠಿ, ಗಣಿತಗಳೆಲ್ಲ ಪದರುಪದರಾಗಿ ಬಂದು ಬೀಳುತ್ತವೆ. ಅಲ್ಲಿ ಉಳಿದ ಸೋರಿಕೆ ಏಳನೆಯ ಇಯತ್ತೆಯಲ್ಲಿ 'ಹುಡುಗ ದಡ್ಡ' ಎಂಬ ಹೆಸರಿನಿಂದ ಮೇಲೆ ಬರುತ್ತದೆ. ಪಾಠ ಮುಗಿಸುವ ಅವಸರದಲ್ಲಿಯೂ ನೀರು ತುಂಬಿ ನೋಡುವ ಒಂದೆರಡು ದಿನಗಳನ್ನು ನಾವು ಕಾದಿಡಬೇಕು. ಅದನ್ನು ಕೊಡಿರೆಂದು ಮೇಲಿನವರನ್ನು ಕೇಳಲೂ ಬೇಕು. ಹಿಂದೆ ಉಳಿದ ಮಗು ಅಂಜಿಕೆಯಿಲ್ಲದೆ ಮತ್ತೆ ಕೇಳುವಂತೆ ಒಂದು ಬಾಯಿಯನ್ನೂ ತೆರೆದಿಡಬೇಕು.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ನಾಳೆ ನೆಲ ಹಾಸುವ ದಿನ ಬಂದರೆ, ಸುರಿಯುವ ಮೊದಲು ಒಂದು ಕೊಡ ನೀರನ್ನು ನೀವೇ ತಂದುಕೊಡಿರಿ. ನೀರು ನಿಂತಿತೇ, ಇಳಿಯಿತೇ ಎಂದು ಕುಳಿತು ನೋಡಿರಿ. ಯಾರೂ ಹೊಗಳದ ಆ ಕಾಯುವಿಕೆಯಲ್ಲಿ, ಎಂದೂ ಕಾಣದ ಒಬ್ಬರ ಉಪಕಾರವನ್ನು ನೀವು ಮಾಡಿದಂತಾಗುವುದು.